ಕಾರಿನ ಟೈರು

ಟೈರು ಎಂಬುದು ಚಕ್ರದ ರಿಮ್ಮಿಗೆ ತೊಡಿಸುವ, ಒಳಗೆ ಒತ್ತಡದ ಗಾಳಿಯನ್ನು ಹಿಡಿದಿಡುವ ರಬ್ಬರಿನ ಹೊರಕವಚವಾಗಿದೆ. ಕಾರು ನೆಲವನ್ನು ಮುಟ್ಟುವುದು ನಾಲ್ಕು ಟೈರುಗಳ ಮೂಲಕ ಮಾತ್ರ. ಪ್ರತಿ ಟೈರಿನಲ್ಲೂ ರಸ್ತೆಗೆ ತಾಗುವ ಭಾಗವು ಸುಮಾರು ಒಂದು ಅಂಗೈಯಷ್ಟು ವಿಸ್ತಾರದ್ದು. ಚಾಲನೆ, ತಿರುವು, ನಿಲುಗಡೆ ಇವೆಲ್ಲವೂ ಈ ಅಲ್ಪ ಸ್ಥಳದ ಹಿಡಿತವನ್ನೇ ಅವಲಂಬಿಸಿವೆ. ಕಾರಿನ ಭಾರದ ಬಹುಪಾಲನ್ನು ಹೊರುವುದು ರಬ್ಬರ್ ಅಲ್ಲ, ಒಳಗಿನ ಗಾಳಿ. ಆದ್ದರಿಂದ ಟೈರಿನ ಆರೈಕೆಯಲ್ಲಿ ಗಾಳಿಯ ಒತ್ತಡಕ್ಕೆ ಮೊದಲ ಸ್ಥಾನವಿದೆ.

ಇತಿಹಾಸ

ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಅವರು 1845ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರೂ ಅದು ಬಳಕೆಗೆ ಬರಲಿಲ್ಲ. ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಅವರು 1888ರಲ್ಲಿ ಪಡೆದ ಪೇಟೆಂಟಿನ ನಂತರ ಇಂತಹ ಟೈರು ಸೈಕಲ್ಲುಗಳ ಮೂಲಕ ಜನಪ್ರಿಯವಾಯಿತು. 1946ರಲ್ಲಿ ಫ್ರಾನ್ಸಿನ ಮಿಷೆಲಿನ್ ಸಂಸ್ಥೆಯು ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಕರ್ನಾಟಕದಲ್ಲಿ ಮೈಸೂರು ಟೈರು ತಯಾರಿಕೆಯ ಪ್ರಮುಖ ಕೇಂದ್ರವಾಗಿದೆ. ಅಲ್ಲಿನ ವಿಕ್ರಾಂತ್ ಟೈರ್ಸ್ ಕಾರ್ಖಾನೆಯು ಮುಂದೆ ಜೆ.ಕೆ. ಸಮೂಹಕ್ಕೆ ಸೇರಿತು.

ರಚನೆ

ಇಂದಿನ ಕಾರುಗಳಲ್ಲಿ ಬಹುತೇಕ ರೇಡಿಯಲ್ ಟೈರುಗಳೇ ಇರುತ್ತವೆ. ಇವುಗಳಲ್ಲಿ ನೂಲಿನ ಪದರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಡ್ಡಲಾಗಿ ಸಾಗುತ್ತವೆ. ಅವುಗಳ ಮೇಲೆ, ಟ್ರೆಡ್ಡಿನ ಅಡಿಯಲ್ಲಿ, ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ. ಟ್ರೆಡ್ ಎಂದರೆ ರಸ್ತೆಗೆ ತಾಗುವ, ಗಾಡಿಗಳುಳ್ಳ ಹೊರಪದರ. ಗ್ಯಾರೇಜಿನ ಆಡುಮಾತಿನಲ್ಲಿ ಇದನ್ನು 'ಬಟನ್' ಎನ್ನುವುದೂ ಉಂಟು. ಟೈರಿನ ಕಪ್ಪು ಬಣ್ಣ ಮತ್ತು ಸವೆತ ತಡೆಯುವ ಗಟ್ಟಿತನ ಎರಡೂ ರಬ್ಬರಿಗೆ ಬೆರೆಸುವ ಇಂಗಾಲದ ಪುಡಿಯಿಂದ ಬರುತ್ತವೆ. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ಸೋರದಂತೆ ತಡೆಯುವ ರಬ್ಬರಿನ ಒಳಪದರವಿರುತ್ತದೆ. ಮೊಳೆ ಹೊಕ್ಕರೂ ಸಾಮಾನ್ಯವಾಗಿ ಗಾಳಿ ನಿಧಾನವಾಗಿಯೇ ಇಳಿಯುತ್ತದೆ.

ಟೈರಿನ ಮೇಲಿನ ಬರಹ

ಟೈರಿನ ಪಕ್ಕದ ಗೋಡೆಯ ಮೇಲೆ 185/65 ಆರ್ 15 88 ಎಚ್ ಎಂಬಂತಹ ಬರಹವಿರುತ್ತದೆ. ಇಲ್ಲಿ 185 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. 65 ಎಂದರೆ ಪಕ್ಕದ ಗೋಡೆಯ ಎತ್ತರವು ಆ ಅಗಲದ ಶೇ. 65ರಷ್ಟು, ಅಂದರೆ ಸುಮಾರು 120 ಮಿ.ಮೀ. 'ಆರ್' ಅಕ್ಷರವು ರೇಡಿಯಲ್ ರಚನೆಯನ್ನೂ 15 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸವನ್ನೂ ಸೂಚಿಸುತ್ತವೆ. 88 ಎಂಬ ಭಾರಸೂಚಿಯ ಪ್ರಕಾರ ಈ ಟೈರು ಹೊರಬಲ್ಲ ಗರಿಷ್ಠ ಭಾರ 560 ಕಿಲೋಗ್ರಾಂ. 'ಎಚ್' ಪ್ರಕಾರ ಗರಿಷ್ಠ ವೇಗ ಗಂಟೆಗೆ 210 ಕಿ.ಮೀ.

ಕೊಳ್ಳುವವರು ಹೆಚ್ಚಾಗಿ ಗಮನಿಸದ ಗುರುತು ತಯಾರಿಕೆಯ ದಿನಾಂಕದ್ದು. ಇದು ನಾಲ್ಕು ಅಂಕಿಗಳಲ್ಲಿರುತ್ತದೆ: 2319 ಎಂದಿದ್ದರೆ 2019ನೇ ವರ್ಷದ 23ನೇ ವಾರ. ಬಳಸದೆ ಇಟ್ಟ ಟೈರು ಸಹ ಕಾಲಕ್ರಮೇಣ ಗಟ್ಟಿಯಾಗಿ ಬಿರುಕು ಬಿಡುವುದರಿಂದ, ಅಂಗಡಿಯಲ್ಲಿ 'ಹೊಸದು' ಎಂದು ಮಾರುವ ಟೈರಿನಲ್ಲೂ ಈ ಅಂಕಿಯನ್ನು ನೋಡುವುದು ಅಗತ್ಯ.

ಗಾಳಿಯ ಒತ್ತಡ

ಸರಿಯಾದ ಒತ್ತಡವನ್ನು ಕಾರು ತಯಾರಕರು ನಿಗದಿಪಡಿಸುತ್ತಾರೆ. ಆ ಅಂಕಿಯು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಥವಾ ಇಂಧನದ ಮುಚ್ಚಳದ ಒಳಬದಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಟೈರಿನ ಮೇಲೆಯೇ ಅಚ್ಚಾಗಿರುವ ಒತ್ತಡದ ಅಂಕಿಯು ಟೈರಿನ ಗರಿಷ್ಠ ಮಿತಿಯೇ ಹೊರತು ಕಾರಿಗೆ ತುಂಬಿಸಬೇಕಾದ ಪ್ರಮಾಣವಲ್ಲ. ಪೂರ್ಣ ಭಾರಕ್ಕೆ ಚೀಟಿಯಲ್ಲಿ ಬೇರೆ ಅಂಕಿ ನೀಡಿದ್ದರೆ, ಐದು ಜನ ಮತ್ತು ಸಾಮಾನಿನೊಂದಿಗೆ ದೂರ ಪ್ರಯಾಣ ಹೊರಡುವಾಗ ಅದನ್ನೇ ಅನುಸರಿಸಬೇಕು.

ಬೇಸಿಗೆಯಲ್ಲಿ ಟೈರು ಸಿಡಿಯಬಹುದೆಂಬ ಭಯದಿಂದ ಒತ್ತಡವನ್ನು ತಗ್ಗಿಸಿಡುವ ರೂಢಿ ಹಲವರಲ್ಲಿದೆ. ಇದು ಅಪಾಯವನ್ನು ಹೆಚ್ಚಿಸುತ್ತದೆ. ಗಾಳಿ ಕಡಿಮೆಯಾದಾಗ ಪ್ರತಿ ಸುತ್ತಿನಲ್ಲೂ ಪಕ್ಕದ ಗೋಡೆ ಅತಿಯಾಗಿ ಮಡಚಿ ಬಿಚ್ಚುತ್ತದೆ. ಆ ಮಡಚುವಿಕೆಯಿಂದಲೇ ಶಾಖ ಹುಟ್ಟುತ್ತದೆ. ಹೆದ್ದಾರಿಯ ವೇಗದಲ್ಲಿ ಈ ಶಾಖವು ಹೊರಹೋಗುವುದಕ್ಕಿಂತ ಬೇಗ ಸಂಗ್ರಹವಾಗಿ, ರಬ್ಬರಿಗೂ ನೂಲಿನ ಪದರಗಳಿಗೂ ಇರುವ ಅಂಟು ಬಿಡುತ್ತದೆ ಮತ್ತು ಟೈರು ಒಮ್ಮೆಲೇ ಸಿಡಿಯುತ್ತದೆ. ಅತಿಯಾದ ಭಾರವೂ ಇದೇ ಪರಿಣಾಮವನ್ನು ಉಂಟುಮಾಡುತ್ತದೆ.

ಒತ್ತಡವನ್ನು ಅಳೆಯಬೇಕಾದುದು ಟೈರು ತಣ್ಣಗಿರುವಾಗ, ಅಂದರೆ ಕಾರು ಮೂರು ಗಂಟೆಗಳಾದರೂ ನಿಂತ ನಂತರ. ಉಷ್ಣಾಂಶವು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು ಒಂದೂವರೆಯಿಂದ ಎರಡು ಪಿ.ಎಸ್.ಐ. ಏರುತ್ತದೆ. ತಯಾರಕರು ತಣ್ಣನೆಯ ಅಂಕಿಯನ್ನು ನಿಗದಿಪಡಿಸುವಾಗ ಈ ಏರಿಕೆಯನ್ನು ಗಣನೆಗೆ ತೆಗೆದುಕೊಂಡಿರುತ್ತಾರೆ. ದಾರಿಯಲ್ಲಿ ಬಿಸಿ ಟೈರಿನಿಂದ ಗಾಳಿ ಬಿಟ್ಟರೆ, ಅದು ತಣಿದಾಗ ಒತ್ತಡ ಕಡಿಮೆಯಾಗಿರುತ್ತದೆ. ನೈಟ್ರೋಜನ್ ತುಂಬಿಸುವುದರಿಂದ ಸೋರಿಕೆ ಸ್ವಲ್ಪ ತಗ್ಗಬಹುದು. ಆದರೆ ಸಾಮಾನ್ಯ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ. ತಿಂಗಳಿಗೊಮ್ಮೆ ಒತ್ತಡ ನೋಡುವ ಅಭ್ಯಾಸಕ್ಕೆ ಅದು ಬದಲಿಯಾಗದು.

ಸವೆತ

ಟ್ರೆಡ್ಡಿನ ಗಾಡಿಗಳ ಕೆಲಸ ಒದ್ದೆ ರಸ್ತೆಯ ನೀರನ್ನು ಹೊರಹಾಕುವುದು. ಅವು ಸವೆದಾಗ ವೇಗದಲ್ಲಿ ನೀರಿನ ಪದರವು ಟೈರನ್ನು ನೆಲದಿಂದ ಎತ್ತಿಬಿಡುತ್ತದೆ. ಆಗ ಸ್ಟಿಯರಿಂಗ್ ಆಗಲಿ ಬ್ರೇಕ್ ಆಗಲಿ ಕೆಲಸ ಮಾಡುವುದಿಲ್ಲ. ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನ ಗಾಡಿಯ ಆಳವು 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಗಾಡಿಗಳ ತಳದಲ್ಲಿರುವ ಸಣ್ಣ ಉಬ್ಬುಗಳು ಟ್ರೆಡ್ಡಿನ ಮಟ್ಟಕ್ಕೆ ಬಂದರೆ ಆ ಮಿತಿ ತಲುಪಿದಂತೆ. ಮಳೆಗಾಲದ ದೃಷ್ಟಿಯಿಂದ ಅಷ್ಟರವರೆಗೆ ಕಾಯುವುದು ಉಚಿತವಲ್ಲ.

ಸವೆತದ ರೀತಿಯು ದೋಷವನ್ನು ತಿಳಿಸುತ್ತದೆ. ಎರಡೂ ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು, ಒಂದೇ ಅಂಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪಿರುವ ಸಾಧ್ಯತೆ ಇದೆ. ಸ್ಟಿಯರಿಂಗ್ ಒಂದು ನಿರ್ದಿಷ್ಟ ವೇಗದಲ್ಲಿ ಅದುರುತ್ತಿದ್ದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ಪರೀಕ್ಷಿಸಬೇಕು.

ಆಯ್ಕೆ ಮತ್ತು ದುರಸ್ತಿ

ಬದಲಿ ಟೈರಿನ ಭಾರಸೂಚಿ ಮತ್ತು ವೇಗಸೂಚಿಗಳು ತಯಾರಕರು ಸೂಚಿಸಿದ್ದಕ್ಕಿಂತ ಕಡಿಮೆ ಇರಬಾರದು. ಅಂದಕ್ಕಾಗಿ ದೊಡ್ಡ ರಿಮ್ ಹಾಕಿಸುವವರು ಚಕ್ರದ ಒಟ್ಟು ವ್ಯಾಸ ಬದಲಾದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆಂಬುದನ್ನು ಗಮನಿಸಬೇಕು. ಎರಡೇ ಹೊಸ ಟೈರು ಕೊಂಡಾಗ ಅವನ್ನು ಹಿಂದಿನ ಚಕ್ರಗಳಿಗೆ ಹಾಕಬೇಕೆಂದು ತಯಾರಕರು ಸಲಹೆ ನೀಡುತ್ತಾರೆ, ಕಾರು ಮುಂದಿನ ಚಕ್ರಗಳಿಂದ ಚಲಿಸುವುದಾದರೂ ಸರಿ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರಗಳು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಇದನ್ನು ಸಾಮಾನ್ಯ ಚಾಲಕರು ನಿಯಂತ್ರಿಸುವುದು ಕಷ್ಟ.

ಟ್ರೆಡ್ಡಿನ ಸಣ್ಣ ರಂಧ್ರವನ್ನು ದುರಸ್ತಿ ಮಾಡಬಹುದು. ಟೈರನ್ನು ರಿಮ್ಮಿನಿಂದ ಬಿಚ್ಚಿ ಒಳಗಿನಿಂದ ತೇಪೆ ಹಾಕುವ ವಿಧಾನವು ಹೊರಗಿನಿಂದ ರಬ್ಬರಿನ ಬತ್ತಿ ತುರುಕುವುದಕ್ಕಿಂತ ಭದ್ರವಾದುದು. ಪಕ್ಕದ ಗೋಡೆಯ ರಂಧ್ರ, ಸೀಳು ಅಥವಾ ಗುಳ್ಳೆಗೆ ದುರಸ್ತಿಯಿಲ್ಲ. ಹೊಂಡಕ್ಕೆ ಬಿದ್ದ ನಂತರ ಕಾಣುವ ಗುಳ್ಳೆಯು ಒಳಗಿನ ನೂಲು ತುಂಡಾಗಿರುವುದರ ಗುರುತು. ಸ್ಟೆಪ್ನಿಯ ಗಾಳಿಯನ್ನೂ ಉಳಿದವುಗಳ ಜೊತೆಗೇ ಪರೀಕ್ಷಿಸಬೇಕು. ಕೆಲವು ಕಾರುಗಳಲ್ಲಿ ಕೊಡುವ ಕಿರಿದಾದ ಸ್ಟೆಪ್ನಿಯು ತಾತ್ಕಾಲಿಕ ಬಳಕೆಗೆ ಮಾತ್ರವಿದ್ದು, ಅದರ ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ.