ಮಕ್‌ರೇಕರ್
ಅಧಿಕಾರಸ್ಥರ ಮತ್ತು ಉದ್ಯಮಪತಿಗಳ ಅಕ್ರಮಗಳನ್ನು ಕೆದಕಿ, ಬಯಲಿಗೆಳೆದು ಕೋಲಾಹಲ ಎಬ್ಬಿಸುವ ಪತ್ರಕರ್ತರಿಗೆ ಅಮೆರಿಕದಲ್ಲಿ ಅಂಟಿಕೊಂಡ ಹೆಸರು. ಕೊಳಕು ಬಾಚುವವ ಎಂಬುದು ನೇರ ಅರ್ಥ. ಇದನ್ನು ಪ್ರಚಾರಕ್ಕೆ ತಂದವರು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್, ಅದೂ ಹೊಗಳುವುದಕ್ಕಲ್ಲ.

1906ರ ಆರಂಭದಲ್ಲಿ 'ಕಾಸ್ಮೊಪಾಲಿಟನ್' ಪತ್ರಿಕೆ ಡೇವಿಡ್ ಗ್ರಹಾಂ ಫಿಲಿಪ್ಸ್ ಬರೆದ ಲೇಖನಮಾಲೆಯನ್ನು ಶುರುಮಾಡಿತು. ಸೆನೆಟರುಗಳು ಜನರಿಗಲ್ಲ, ದುಡ್ಡಿನ ಕುಳಗಳಿಗೆ ನಿಷ್ಠರು ಎಂಬುದು ಅದರ ಆರೋಪ. ರೂಸ್‌ವೆಲ್ಟ್ ಕೆರಳಿದರು. ಏಪ್ರಿಲ್ 14ರಂದು ವಾಷಿಂಗ್ಟನ್ನಿನಲ್ಲಿ ಸರ್ಕಾರಿ ಕಟ್ಟಡವೊಂದರ ಶಂಕುಸ್ಥಾಪನೆಯ ಭಾಷಣದಲ್ಲಿ, ಸದಾ ಕೊಳಕನ್ನೇ ನೋಡುವ ಬರಹಗಾರರನ್ನು ಜಾನ್ ಬನ್ಯನ್ನನ ಒಂದು ಪಾತ್ರಕ್ಕೆ ಹೋಲಿಸಿದರು.

ಆ ಪಾತ್ರ ಬರುವುದು ಬನ್ಯನ್ನನ 'ಪಿಲ್ಗ್ರಿಮ್ಸ್ ಪ್ರೋಗ್ರೆಸ್' ಕೃತಿಯ 1684ರ ಎರಡನೆಯ ಭಾಗದಲ್ಲಿ. ಒಬ್ಬಾತ ಕಸ ಬಾಚುವ ಕೋಲು ಹಿಡಿದು ಹುಲ್ಲು, ಕಡ್ಡಿ, ದೂಳನ್ನು ಗುಡ್ಡೆಹಾಕುತ್ತಿರುತ್ತಾನೆ. ಆ ಕೋಲಿಗೆ ಬದಲಾಗಿ ಕೊಡುತ್ತೇನೆಂದು ತಲೆಯ ಮೇಲೆ ಒಬ್ಬರು ದಿವ್ಯ ಕಿರೀಟ ಹಿಡಿದು ನಿಂತಿದ್ದರೂ ಅವನು ಕತ್ತೆತ್ತುವುದಿಲ್ಲ. ಬನ್ಯನ್ನನ ಮಟ್ಟಿಗೆ ಅವನು ಪ್ರಾಪಂಚಿಕ ಸಂಪತ್ತಿಗೆ ಜೋತುಬಿದ್ದವನು. ಹಾಗೆ ನೋಡಿದರೆ ಈ ಹೆಸರು ಸಲ್ಲಬೇಕಾದದ್ದು ಪತ್ರಕರ್ತರಿಗಿಂತ, ಅವರು ಬೆನ್ನು ಹತ್ತಿದ್ದ ಕೋಟ್ಯಧೀಶರಿಗೆ!

ಕೆಡುಕನ್ನು ಬಯಲು ಮಾಡುವವರು ಸಮಾಜಕ್ಕೆ ಬೇಕು, ಆದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರಬೇಕು ಎಂದೂ ರೂಸ್‌ವೆಲ್ಟ್ ಅದೇ ಭಾಷಣದಲ್ಲಿ ಹೇಳಿದ್ದರು. ಆ ಅರ್ಧ ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಬೈಗುಳಕ್ಕೆ ಸಿಕ್ಕವರು ಸಾಮಾನ್ಯರಲ್ಲ. 'ಮೆಕ್‌ಕ್ಲೂರ್ಸ್' ಪತ್ರಿಕೆಯ ಐಡಾ ಟಾರ್ಬೆಲ್ 1902ರಿಂದ 1904ರವರೆಗೆ ದಾಖಲೆಗಳನ್ನು ಜಾಲಾಡಿ ರಾಕ್‌ಫೆಲ್ಲರ್‌ರ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಜಾತಕ ಬಿಚ್ಚಿಟ್ಟಿದ್ದರು. 1911ರಲ್ಲಿ ಸುಪ್ರೀಂ ಕೋರ್ಟ್ ಆ ಕಂಪನಿಯನ್ನು ಒಡೆಯಲು ಆದೇಶಿಸಿತು. ಲಿಂಕನ್ ಸ್ಟೆಫನ್ಸ್ ನಗರಾಡಳಿತಗಳ ಲಂಚಗುಳಿತನವನ್ನು ಬರೆದರು. ಅಪ್ಟನ್ ಸಿಂಕ್ಲೇರ್ 'ದಿ ಜಂಗಲ್' ಕಾದಂಬರಿಯಲ್ಲಿ ಷಿಕಾಗೊ ಕಸಾಯಿಖಾನೆಗಳ ಕಾರ್ಮಿಕರ ಪಾಡು ಹೇಳಹೊರಟರೆ, ಓದುಗರು ಬೆಚ್ಚಿದ್ದು ತಮ್ಮ ತಟ್ಟೆಯ ಮಾಂಸದ ಬಗ್ಗೆ. ತಮಾಷೆಯೆಂದರೆ, ಬೈದ ರೂಸ್‌ವೆಲ್ಟರೇ ತನಿಖೆಗೆ ಜನ ಕಳಿಸಿ, ಭಾಷಣದ ಮೂರು ತಿಂಗಳೊಳಗೆ, ಜೂನ್ 30ರಂದು, ಮಾಂಸ ತಪಾಸಣೆ ಹಾಗೂ ಶುದ್ಧ ಆಹಾರ ಮತ್ತು ಔಷಧ ಕಾಯ್ದೆಗಳಿಗೆ ಸಹಿ ಹಾಕಿದರು. ಸೆನೆಟರುಗಳನ್ನು ಜನರೇ ನೇರವಾಗಿ ಆರಿಸುವ ತಿದ್ದುಪಡಿ 1913ರಲ್ಲಿ ಸಂವಿಧಾನ ಸೇರಿತು.

ಟಾರ್ಬೆಲ್ ಅವರಿಗೆ ಈ ಹಣೆಪಟ್ಟಿ ಹಿಡಿಸಲೇ ಇಲ್ಲ. ತನ್ನದು ಇತಿಹಾಸ ರಚನೆ ಎಂದೇ ಅವರು ಭಾವಿಸಿದ್ದರು. ಮುಂದಿನ ತಲೆಮಾರಿನ ತನಿಖಾ ವರದಿಗಾರರಿಗೆ ಅಂಥ ಮುಜುಗರವಿರಲಿಲ್ಲ. ಅಂತ್ಯಸಂಸ್ಕಾರ ಉದ್ಯಮದ ಸುಲಿಗೆಯನ್ನು 1963ರಲ್ಲಿ ಬಯಲಿಗೆಳೆದ ಜೆಸ್ಸಿಕಾ ಮಿಟ್‌ಫರ್ಡ್, 1979ರಲ್ಲಿ ತಮ್ಮ ಲೇಖನ ಸಂಗ್ರಹದ ಶೀರ್ಷಿಕೆಯಲ್ಲೇ ಈ ಪದವನ್ನು ಹೆಮ್ಮೆಯಿಂದ ಬಳಸಿಕೊಂಡರು. ಬ್ರಿಟನ್ನಿನಲ್ಲಿ ಮಾತ್ರ, ಖ್ಯಾತನಾಮರ ಮನೆಯೊಳಗೆ ಇಣುಕುವ ಗಾಸಿಪ್ ಬರಹಗಾರರನ್ನು ಹೀಗಳೆಯುವುದಕ್ಕೂ ಇದೇ ಪದ ಬಳಕೆಯಲ್ಲಿದೆ.