ಖಿದ್ರಾಪುರ

ಖಿದ್ರಾಪುರವು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ತಿರುವಿನೊಳಗೆ ನೆಲೆಸಿರುವ ಗಡಿಗ್ರಾಮ. ಚಿಕ್ಕೋಡಿ ತಾಲ್ಲೂಕಿನ ಏಕಸಂಬಿಯಿಂದ ದೂಧಗಂಗೆಯ ಸೇತುವೆ ದಾಟಿ ದಾನವಾಡದ ಮಾರ್ಗವಾಗಿ ಇಲ್ಲಿಗೆ ಬರಬಹುದು. ಎದುರು ದಂಡೆಯಲ್ಲಿರುವ ಕಾಗವಾಡ ತಾಲ್ಲೂಕಿನ ಜುಗೂಳದವರು ದೋಣಿಯಲ್ಲಿ ಹೊಳೆ ದಾಟಿ ಬರುವುದು ಹಿಂದಿನಿಂದ ನಡೆದುಬಂದ ವಾಡಿಕೆ. 2005 ಮತ್ತು 2019ರಂಥ ಮಹಾಪೂರಗಳಲ್ಲಿ ಕಬ್ಬಿನ ಗದ್ದೆಗಳೂ ದಾರಿಗಳೂ ಮುಳುಗಿ, ಈ ಭಾಗದ ನದಿತೀರದ ಊರುಗಳು ನಡುಗಡ್ಡೆಗಳಾಗುವುದರಿಂದ ಮಳೆಗಾಲದ ಭೇಟಿ ಸಲ್ಲದು.

ಊರಿನ ಮುಖ್ಯ ಆಕರ್ಷಣೆ, ಹನ್ನೆರಡನೆಯ ಶತಮಾನದಲ್ಲಿ ಶಿಲಾಹಾರ ಅರಸರ ಕಾಲದಲ್ಲಿ ರೂಪುಗೊಂಡ ಕೋಪೇಶ್ವರ ದೇವಾಲಯ. ಇದರ ಮುಂಭಾಗದಲ್ಲಿರುವ ಸ್ವರ್ಗಮಂಟಪವು, ಅಂದರೆ ನಡುವೆ ಚಾವಣಿಯಿಲ್ಲದೆ ಆಕಾಶಕ್ಕೆ ತೆರೆದಿರುವ ಮಂಟಪವು, ದಖ್ಖನಿನ ವಾಸ್ತುಶಿಲ್ಪದಲ್ಲಿಯೇ ಅಪರೂಪದ ಕಲ್ಪನೆ. 48 ಕಂಬಗಳ ಈ ಮಂಟಪದ ನಡುವೆ ಸುಮಾರು 13 ಅಡಿ ವ್ಯಾಸದ ವೃತ್ತಾಕಾರದ ತೆರವಿದ್ದು, ಅದರ ನೇರ ಕೆಳಗೆ ಅಷ್ಟೇ ಅಗಲದ ದುಂಡು ಹಾಸುಗಲ್ಲು ಇದೆ. ಕಾರ್ತಿಕ ಹುಣ್ಣಿಮೆಯ ರಾತ್ರಿ ಆ ತೆರವಿನೊಳಗಿಂದ ಇಳಿಯುವ ಬೆಳದಿಂಗಳನ್ನು ನೋಡಲು ಜನ ಸೇರುತ್ತಾರೆ. ಆದರೆ ಮಂಟಪವನ್ನಷ್ಟೇ ನೋಡಿ ಹಿಂದಿರುಗುವುದು ತರವಲ್ಲ, ಏಕೆಂದರೆ ಗುಡಿಯ ಹೊರಗೋಡೆಯ ತಳದಲ್ಲಿ ತೊಂಬತ್ತಕ್ಕೂ ಹೆಚ್ಚು ಆನೆಗಳು ಸಾಲಾಗಿ ನಿಂತು ಇಡೀ ಕಟ್ಟಡವನ್ನು ಹೊತ್ತಿರುವಂತೆ ಕೆತ್ತಿರುವ ಗಜಪಟ್ಟಿಕೆಯನ್ನು ಪ್ರದಕ್ಷಿಣೆ ಹಾಕುತ್ತಲೇ ಅರಿಯಬೇಕು. ಅವುಗಳಲ್ಲಿ ಹಲವು ಭಗ್ನವಾಗಿದ್ದರೂ ಶಿಲ್ಪಿಯ ಕೈಚಳಕ ಇನ್ನೂ ಸ್ಪಷ್ಟವಾಗಿದೆ.

ಶಿವಾಲಯವಾದರೂ ಇಲ್ಲಿ ಲಿಂಗದೆದುರು ನಂದಿಯಿಲ್ಲ. ದಕ್ಷನ ಯಜ್ಞಕ್ಕೆ ಸತಿಯು ನಂದಿಯನ್ನೇರಿ ಹೋದಳೆಂದೂ, ಅವಳ ಅಂತ್ಯದಿಂದ ಕುಪಿತನಾದ ಶಿವನನ್ನು ವಿಷ್ಣುವು ಇಲ್ಲಿಗೆ ಕರೆತಂದು ಸಮಾಧಾನಪಡಿಸಿದನೆಂದೂ ಸ್ಥಳಪುರಾಣ ಹೇಳುತ್ತದೆ. ಗರ್ಭಗುಡಿಯ ಎರಡು ಲಿಂಗಗಳನ್ನು ಕೋಪೇಶ್ವರ, ಧೋಪೇಶ್ವರ ಎಂದು ಶಿವ ಹಾಗೂ ವಿಷ್ಣುವಿನ ರೂಪಗಳಾಗಿ ಪೂಜಿಸಲಾಗುತ್ತದೆ. ಯಜ್ಞ ನಡೆದ ಸ್ಥಳವೆಂದು ನಂಬಲಾಗುವ ಯಡೂರು ಚಿಕ್ಕೋಡಿ ತಾಲ್ಲೂಕಿನ ಕೃಷ್ಣಾತೀರದಲ್ಲಿದ್ದು, ಅಲ್ಲಿನ ವೀರಭದ್ರ ದೇವಸ್ಥಾನ ಉತ್ತರ ಕರ್ನಾಟಕದ ಪ್ರಮುಖ ಯಾತ್ರಾಸ್ಥಳಗಳಲ್ಲೊಂದು. ಹೀಗೆ ಒಂದೇ ಕಥೆಯ ಎರಡು ಭಾಗಗಳು ಇಂದು ಎರಡು ರಾಜ್ಯಗಳಲ್ಲಿರುವುದರಿಂದ, ಯಡೂರನ್ನು ಕಾಣದೆ ಖಿದ್ರಾಪುರದ ದರ್ಶನ ಪೂರ್ಣವಾಗದು.

ಕನ್ನಡ ನಾಡಿನೊಂದಿಗಿನ ಈ ನಂಟನ್ನು ಶಾಸನಗಳೂ ತೋರುತ್ತವೆ. ಯಾದವ ದೊರೆ ಸಿಂಘಣನ ಶಕ 1136ರ ದಾನಶಾಸನ ಸಂಸ್ಕೃತದಲ್ಲಿದ್ದರೆ, ದೇವಾಲಯದ ಇತರ ಬರಹಗಳಲ್ಲಿ ಹೆಚ್ಚಿನವು ಹಳಗನ್ನಡದಲ್ಲಿವೆ. ಚೋಳ ರಾಜಾಧಿರಾಜನು ಚಾಲುಕ್ಯ ಸೋಮೇಶ್ವರನ ಸೇನೆಯೊಡನೆ ಹೋರಾಡುತ್ತ ಆನೆಯ ಮೇಲೆಯೇ ಮಡಿದ ಕೊಪ್ಪಂ ಕಾಳಗ ನಡೆದುದು ಇಲ್ಲಿಯೇ ಎಂದು ಕೆಲವು ವಿದ್ವಾಂಸರು ಗುರುತಿಸಿದರೆ, ಮತ್ತೆ ಕೆಲವರು ಅದನ್ನು ಕೊಪ್ಪಳವೆನ್ನುತ್ತಾರೆ.

ಊರಿನೊಳಗೆ ಹಳೆಯ ಆದಿನಾಥ ಬಸದಿಯೂ ಇದೆ. ಜೈನ ಪರಂಪರೆಯಲ್ಲಿ ಆಸಕ್ತಿಯುಳ್ಳವರು ಏಕಸಂಬಿಯನ್ನೂ ಸೇರಿಸಿಕೊಳ್ಳಬೇಕು: ಶಿಲಾಹಾರ ವಿಜಯಾದಿತ್ಯನ ದಂಡನಾಯಕ ಕಾಲಣನು ಅಲ್ಲಿ ನೇಮಿನಾಥ ಬಸದಿಯನ್ನು ಕಟ್ಟಿಸಿದುದನ್ನು 1165ರ ಶಾಸನ ದಾಖಲಿಸುತ್ತದೆ. ನದಿಯ ಮೇಲ್ದಿಕ್ಕಿನಲ್ಲಿ ಪಂಚಗಂಗೆಯು ಕೃಷ್ಣೆಯನ್ನು ಕೂಡುವ ನರಸೋಬವಾಡಿಯ ದತ್ತಕ್ಷೇತ್ರಕ್ಕೆ ಕನ್ನಡ ಯಾತ್ರಿಕರು ಬಹುಸಂಖ್ಯೆಯಲ್ಲಿ ಹೋಗುತ್ತಾರೆ.