ಚಿತ್ರವಿಲ್ಲದೆ ಹೋದ ಆಟಗಳು

1983ರ ಜೂನ್ 18. ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಎಂಬ ಪುಟ್ಟ ಪಟ್ಟಣದಲ್ಲಿ ವಿಶ್ವಕಪ್ ಪಂದ್ಯ. ಜಿಂಬಾಬ್ವೆ ಎದುರು ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡು ತತ್ತರಿಸುತ್ತಿತ್ತು. ಆ ಬಳಿಕ ಕಪಿಲ್ ದೇವ್ ಅವರು ಅಜೇಯ 175 ರನ್ ಬಾರಿಸಿದ ಕತೆ ಎಲ್ಲರಿಗೂ ಗೊತ್ತು. 140 ರನ್ನಿಗೆ 8 ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಲ್ಲಿ ಗಟ್ಟಿಯಾಗಿ ನಿಂತವರು ಬೆಂಗಳೂರಿನ ಸೈಯದ್ ಕಿರ್ಮಾನಿ ಎಂಬುದು ಕೆಲವರಿಗಷ್ಟೇ ನೆನಪಿದೆ. ಕಿರ್ಮಾನಿ ಗಳಿಸಿದ್ದು ಔಟಾಗದೆ 24. ಆದರೆ ಆ ಜೊತೆಯಾಟದಲ್ಲಿ ಬಂದ ರನ್ 126. ಪಂದ್ಯವನ್ನು ಭಾರತ 31 ರನ್ನುಗಳಿಂದ ಗೆದ್ದಿತು. ಮುಂದೆ ಕಪ್ಪನ್ನೂ ಗೆದ್ದಿತು.

ಇಷ್ಟು ದೊಡ್ಡ ಆಟದ ಒಂದು ಚೆಂಡನ್ನೂ ಇಂದು ನಾವು ನೋಡುವಂತಿಲ್ಲ. ಅಂದು ಆ ಮೈದಾನದಲ್ಲಿ ಟಿ.ವಿ. ಕ್ಯಾಮೆರಾ ಇರಲಿಲ್ಲ. ಬಿಬಿಸಿ ಸಿಬ್ಬಂದಿಯ ಮುಷ್ಕರವೇ ಇದಕ್ಕೆ ಕಾರಣವೆಂದು ಹಲವರು ಹೇಳುತ್ತಾರೆ. ಅದೇ ದಿನ ಬೇರೆ ಪಂದ್ಯಗಳೂ ಇದ್ದುದರಿಂದ ಈ ಪಂದ್ಯವನ್ನು ಕೈಬಿಟ್ಟರೆನ್ನುವವರೂ ಇದ್ದಾರೆ. ಉಳಿದಿರುವುದು ಕೆಲವೇ ಸ್ಥಿರಚಿತ್ರಗಳು ಮತ್ತು ಅಂಕಪಟ್ಟಿ ಮಾತ್ರ. 2021ರಲ್ಲಿ ತೆರೆಕಂಡ ‘83’ ಚಲನಚಿತ್ರದಲ್ಲಿ ನಟರು ಆ ಇನಿಂಗ್ಸನ್ನು ಮತ್ತೆ ಆಡಿ ತೋರಿಸಬೇಕಾಯಿತು.

ಆಟದ ಚರಿತ್ರೆಯೆಂದರೆ ಗೆದ್ದವರು ಮತ್ತು ಸೋತವರ ಪಟ್ಟಿ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಕ್ಯಾಮೆರಾ ಎಲ್ಲಿತ್ತು, ಎಲ್ಲಿರಲಿಲ್ಲ ಎಂಬುದರ ಚರಿತ್ರೆಯೂ ಹೌದು. ಕ್ಯಾಮೆರಾ ನೋಡಿದ್ದನ್ನು ಜನ ನೆನಪಿಟ್ಟುಕೊಂಡರು. ಅದು ನೋಡದ್ದು ಒಂದು ತಲೆಮಾರಿನ ಬಾಯಿಮಾತಾಗಿ ಉಳಿದು, ಆ ತಲೆಮಾರಿನೊಂದಿಗೇ ಮಣ್ಣಾಯಿತು.

ಬರಿಗಾಲಿನ ಪೀಳಿಗೆ

ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಆಡಿದ್ದು 1948ರ ಜುಲೈ 31ರಂದು, ಲಂಡನ್ ಕ್ರೀಡಾಕೂಟದಲ್ಲಿ, ಫ್ರಾನ್ಸ್ ವಿರುದ್ಧ. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಕಣಕ್ಕಿಳಿದಿದ್ದರು. ಭಾರತ 2-1ರಿಂದ ಸೋತಿತು. ಭಾರತದ ಆ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಇನ್ನೊಬ್ಬ ಬೆಂಗಳೂರಿಗ ಅಹ್ಮದ್ ಖಾನ್. 1951ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಅವರಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ 10-1ರಿಂದ ಭಾರತವನ್ನು ಸೋಲಿಸಿದಾಗ ನಮ್ಮ ಆ ಒಂದು ಗೋಲು ಅವರದೇ. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಐವರು ಮುನ್ನಡೆ ಆಟಗಾರರನ್ನು ಬಂಗಾಳದ ಜನ ‘ಪಂಚಪಾಂಡವರು’ ಎಂದು ಕರೆಯುತ್ತಿದ್ದರು. ಆ ಐವರಲ್ಲಿ ಒಬ್ಬರು ಅಹ್ಮದ್ ಖಾನ್, ಇನ್ನೊಬ್ಬರು ಸಾಲೆ. ಪಾಂಡವರ ಹೆಸರಿನಲ್ಲಿ ಇಬ್ಬರು ಮುಸ್ಲಿಂ ಆಟಗಾರರನ್ನು ಎತ್ತಿ ಮೆರೆಸಿದ ಪ್ರೇಕ್ಷಕರು ಅವರು!

2017ರಲ್ಲಿ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಕಾಲಿನಲ್ಲಿ ಚೆಂಡು ಹೇಗೆ ಅಂಟಿಕೊಂಡಿರುತ್ತಿತ್ತು ಎಂದು ಹಿರಿಯರು ಬಣ್ಣಿಸುತ್ತಿದ್ದರು. ಅದನ್ನು ಕಣ್ಣಾರೆ ಕಾಣಲು ಇಂದಿನ ಹುಡುಗರಿಗೆ ದಾರಿಯಿಲ್ಲ. ತಂಡವೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡ ಚಿತ್ರಗಳು ಸಿಗುತ್ತವೆ. ಆಟದ ಚಿತ್ರಗಳು ಅಪರೂಪ.

ಮಹಿಳೆಯರ ಆಟದ್ದು ಇನ್ನೂ ಬಡವಾದ ಕತೆ. ಭಾರತದ ಮಹಿಳೆಯರು ತಮ್ಮ ಮೊದಲ ಕ್ರಿಕೆಟ್ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಿನಲ್ಲಿ. 1976ರ ಅಕ್ಟೋಬರ್ 31ರಂದು ವೆಸ್ಟ್ ಇಂಡೀಸ್ ವಿರುದ್ಧ ಅದು ಆರಂಭವಾಯಿತು. ನಾಯಕಿ ಕರ್ನಾಟಕದವರೇ ಆದ ಶಾಂತಾ ರಂಗಸ್ವಾಮಿ. ಆಗ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವಿರಲಿಲ್ಲ. ಅದು ಬಂದದ್ದು 1981ರಲ್ಲಿ. ನಲವತ್ತೊಂಬತ್ತು ವರ್ಷಗಳ ಬಳಿಕ, 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ನಮ್ಮ ಮಹಿಳೆಯರು ವಿಶ್ವಕಪ್ ಗೆದ್ದಾಗ ಪ್ರತಿ ಚೆಂಡನ್ನೂ ಹತ್ತಾರು ಕ್ಯಾಮೆರಾಗಳು ಹಿಡಿದವು. ಆ ದಾರಿಯನ್ನು ಮೊದಲು ತುಳಿದವರ ಆಟ ಮಾತ್ರ ಕತ್ತಲೆಯಲ್ಲಿಯೇ ಉಳಿಯಿತು.

ಕಿವಿಯಿಂದ ನೋಡಿದ ಕಾಲ

ಹಾಗಾದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಜನ ಆಟವನ್ನು ಹಿಂಬಾಲಿಸಿದ್ದು ಹೇಗೆ? ಬೆಂಗಳೂರು ಗ್ರಾಮಾಂತರ ಎಂಬ ಹೆಸರಿನಲ್ಲಿ 1986ರಲ್ಲಿ ಜಿಲ್ಲೆಯಾದ ಈ ಸೀಮೆ ರಾಜಧಾನಿಗೆ ಕೂಗಳತೆಯಲ್ಲಿದ್ದರೂ ಕ್ರೀಡಾಂಗಣದ ಟಿಕೆಟ್ ಕೊಂಡು ಐದು ದಿನ ಕೂರುವ ಅನುಕೂಲ ಇದ್ದವರು ಕಡಿಮೆ. 1974ರ ನವೆಂಬರಿನಲ್ಲಿ ಈಗಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ನಡೆಯಿತು. ವೆಸ್ಟ್ ಇಂಡೀಸಿನ ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಅದೇ ಚೊಚ್ಚಲ ಟೆಸ್ಟ್. ರಿಚರ್ಡ್ಸ್ ಅವರನ್ನು ಎರಡೂ ಇನಿಂಗ್ಸಿನಲ್ಲಿ ಅಗ್ಗದಲ್ಲಿ ಹಿಂದಕ್ಕೆ ಕಳುಹಿಸಿದವರು ನಮ್ಮ ಬಿ.ಎಸ್. ಚಂದ್ರಶೇಖರ್. ಹಳ್ಳಿಗೆ ಇದೆಲ್ಲ ತಲುಪಿದ್ದು ಆಕಾಶವಾಣಿಯ ವೀಕ್ಷಕ ವಿವರಣೆಯಿಂದ. ಮರುದಿನ ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಯ ಕೊನೆಯ ಪುಟದಲ್ಲಿ ಒಂದು ಮಸುಕಾದ ಕಪ್ಪು-ಬಿಳುಪು ಚಿತ್ರ. ಕೇಳಿದ್ದಕ್ಕೆ ಆ ಒಂದು ಚಿತ್ರವೇ ಸಾಕ್ಷಿ. ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಟ್ಟುಕೊಂಡವರು ಪ್ರತಿ ಊರಿನಲ್ಲಿಯೂ ಇದ್ದರು. 1978ರಲ್ಲಿ ಆರಂಭವಾದ ‘ಸ್ಪೋರ್ಟ್‌ಸ್ಟಾರ್’ ಪತ್ರಿಕೆಯ ಬಣ್ಣದ ಪುಟಗಳು ಕ್ಷೌರದಂಗಡಿ, ಸೈಕಲ್ ಶಾಪುಗಳ ಗೋಡೆ ಏರಿದವು.

ಅದೇ ಹೊತ್ತಿಗೆ ಈ ತಾಲೂಕುಗಳ ಬಯಲುಗಳಲ್ಲಿಯೂ ಆಟ ನಡೆಯುತ್ತಲೇ ಇತ್ತು. ಜಾತ್ರೆಯ ಕಬಡ್ಡಿ, ಶಾಲಾ ಮೈದಾನದ ವಾಲಿಬಾಲ್ ಮತ್ತು ಖೋಖೋ, ಗರಡಿಮನೆಯ ಕುಸ್ತಿ. ಇವುಗಳಿಗೆ ಅಂಕಪಟ್ಟಿಯೂ ಇರಲಿಲ್ಲ, ಛಾಯಾಗ್ರಾಹಕರೂ ಇರಲಿಲ್ಲ. ಕಪ್ ಗೆದ್ದರೆ ಸ್ಟುಡಿಯೋಗೆ ಹೋಗಿ ಬಣ್ಣ ಬಳಿದ ಪರದೆಯ ಮುಂದೆ ನಿಂತು ಒಂದು ಗ್ರೂಪ್ ಫೋಟೋ. ಅಷ್ಟೇ. ಮುಸ್ಲಿಂ ಮನೆಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿತ್ತು. ಛಾಯಾಚಿತ್ರ ತೆಗೆಸಿಕೊಳ್ಳುವುದರ ಬಗ್ಗೆ ಉಲಮಾಗಳ ನಡುವೆ ಬಹುಕಾಲ ಭಿನ್ನಾಭಿಪ್ರಾಯವಿತ್ತು. ಪಾಸ್‌ಪೋರ್ಟಿಗೆ ಬೇಕಾದ ಚಿತ್ರದ ಹೊರತು ಬೇರೇನೂ ಇಲ್ಲದ ಕುಟುಂಬಗಳಿದ್ದವು. ಹೀಗಾಗಿ ಅಜ್ಜ ಒಳ್ಳೆಯ ಆಟಗಾರನಾಗಿದ್ದ ಎಂಬುದಕ್ಕೆ ಮೊಮ್ಮಕ್ಕಳ ಬಳಿ ಪುರಾವೆಯಿಲ್ಲ.

ಕತ್ತಲ ಕೋಣೆಯಿಂದ ಚಿಪ್ಪಿನವರೆಗೆ

ಕ್ಯಾಮೆರಾ ಎಂಬ ಮಾತಿಗೆ ಲ್ಯಾಟಿನ್ನಿನಲ್ಲಿ ಕೋಣೆ ಎಂದರ್ಥ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಥಮ್ ಸಾವಿರ ವರ್ಷಗಳ ಹಿಂದೆ ಕತ್ತಲ ಕೋಣೆಯ ಸಣ್ಣ ರಂಧ್ರದಿಂದ ಬೆಳಕು ಹೇಗೆ ಬಿಂಬ ಮೂಡಿಸುತ್ತದೆ ಎಂಬುದನ್ನು ಪ್ರಯೋಗ ಮಾಡಿ ವಿವರಿಸಿದ್ದರು. ಬಿಂಬವನ್ನು ಕಾಣುವುದು ಒಂದು, ಓಡುವುದನ್ನು ಹಿಡಿದು ನಿಲ್ಲಿಸುವುದು ಇನ್ನೊಂದು. ಎರಡನೆಯದನ್ನು ಸಾಧಿಸಿ ತೋರಿಸಿದವರು ಎಡ್ವರ್ಡ್ ಮೈಬ್ರಿಜ್. 1878ರಲ್ಲಿ ಅಮೆರಿಕದಲ್ಲಿ ಅವರು ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಚಿತ್ರ ತೆಗೆದರು. ಒಂದು ಕ್ಷಣದಲ್ಲಿ ಕುದುರೆಯ ನಾಲ್ಕೂ ಕಾಲುಗಳು ನೆಲ ಬಿಟ್ಟಿರುತ್ತವೆ ಎಂಬುದು ಆಗ ಸಾಬೀತಾಯಿತು. ಕ್ರೀಡಾ ಛಾಯಾಗ್ರಹಣದ ಬೀಜ ಅಲ್ಲಿದೆ.

ನಮ್ಮಲ್ಲಿ ಬಡ ಮಧ್ಯಮವರ್ಗದ ಕೈಗೆ ಸಿಕ್ಕಿದ್ದು ಆಗ್ಫಾ ಕ್ಲಿಕ್-3 ಎಂಬ ಡಬ್ಬಿ ಕ್ಯಾಮೆರಾ. ಒಂದು ರೋಲಿಗೆ 12 ಚಿತ್ರ. ಮದುವೆ, ಪ್ರವಾಸಕ್ಕೆ ಅದು ಸಾಕಿತ್ತು. ಓಡುವ ಆಟಗಾರನನ್ನು ಹಿಡಿಯುವ ವೇಗ ಅದಕ್ಕಿರಲಿಲ್ಲ. ಆಟ ಹಿಡಿಯಲು ಬೇಕಾದ ಕ್ಯಾಮೆರಾ, ದೂರದ ಲೆನ್ಸು, ರೋಲಿಗೆ 36 ಚಿತ್ರದ ಫಿಲಂ ಎಲ್ಲವೂ ದುಬಾರಿ. ತಾಲೂಕು ಕೇಂದ್ರದ ವರದಿಗಾರ ಮಧ್ಯಾಹ್ನದ ಪಂದ್ಯದ ಚಿತ್ರ ತೆಗೆದರೂ, ಫಿಲಂ ಬಸ್ ಹತ್ತಿ, ತೊಳೆದು, ಅಚ್ಚಾಗುವ ಹೊತ್ತಿಗೆ ಪುಟ ಮುಗಿದಿರುತ್ತಿತ್ತು. ಹಳ್ಳಿಯ ಆಟ ಪತ್ರಿಕೆಯಲ್ಲಿ ಬಾರದಿದ್ದುದಕ್ಕೆ ತಾತ್ಸಾರ ಮಾತ್ರ ಕಾರಣವಲ್ಲ, ರಾಸಾಯನಿಕವೂ ರಸ್ತೆಯೂ ಕಾರಣ.

1975ರಲ್ಲಿ ಕೊಡಾಕ್ ಕಂಪೆನಿಯ ಯುವ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಫಿಲಂ ಇಲ್ಲದ ಕ್ಯಾಮೆರಾ ಕಟ್ಟಿದರು. ಅದರ ಸಾಮರ್ಥ್ಯ 0.01 ಮೆಗಾಪಿಕ್ಸೆಲ್. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಾಗಿತ್ತು. 1991ರಲ್ಲಿ ಅದೇ ಕಂಪೆನಿ ಪತ್ರಿಕಾ ಛಾಯಾಗ್ರಾಹಕರಿಗಾಗಿ 1.3 ಮೆಗಾಪಿಕ್ಸೆಲ್ ಕ್ಯಾಮೆರಾ ತಂದಿತು. 1999ರಲ್ಲಿ ನಿಕಾನ್ ಡಿ-1 ಬಂತು, 2.7 ಮೆಗಾಪಿಕ್ಸೆಲ್, ಸೆಕೆಂಡಿಗೆ ನಾಲ್ಕೂವರೆ ಚಿತ್ರ. 2003ರಲ್ಲಿ ಕ್ಯಾನನ್ 300-ಡಿ ಸಾವಿರ ಡಾಲರಿನೊಳಗೆ ಸಿಕ್ಕಾಗ ಹವ್ಯಾಸಿಗಳಿಗೂ ಬಾಗಿಲು ತೆರೆಯಿತು. ಫಿಲಂ ಮಾರಿಯೇ ಬದುಕಿದ್ದ ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಹಳ್ಳಿಯ ಆಟಕ್ಕೆ ಮಾತ್ರ ಇದು ವರವಾಯಿತು. ನೆಲಮಂಗಲದ ಪಂದ್ಯದ ಚಿತ್ರ ಇಂಟರ್‌ನೆಟ್ ಅಂಗಡಿಯಿಂದ ಆ ಸಂಜೆಯೇ ಬೆಂಗಳೂರಿನ ಪತ್ರಿಕಾಲಯಕ್ಕೆ ತಲುಪುವಂತಾಯಿತು.

ಯಾವ ಕ್ಯಾಮೆರಾ?

ಆ ವರ್ಷಗಳಲ್ಲಿ ಅಂಗಡಿಯವರು ಹೇಳುತ್ತಿದ್ದುದು ಒಂದೇ ಲೆಕ್ಕ: ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಕ್ಯಾಮೆರಾ ಒಳ್ಳೆಯದು. ಆಟದ ಚಿತ್ರ ತೆಗೆಯುವವರಿಗೆ ಈ ಲೆಕ್ಕ ದಾರಿ ತಪ್ಪಿಸುವಂಥದ್ದು. ಅಂದಿನ ಸಣ್ಣ ಡಿಜಿಟಲ್ ಕ್ಯಾಮೆರಾಗಳಲ್ಲಿ ಗುಂಡಿ ಒತ್ತಿದ ಮೇಲೆ ಚಿತ್ರ ದಾಖಲಾಗಲು ತುಸು ತಡವಾಗುತ್ತಿತ್ತು. ಅಷ್ಟರಲ್ಲಿ ದಾಳಿಗಾರ ಗೆರೆ ದಾಟಿ ಹಿಂದಿರುಗಿರುತ್ತಿದ್ದ. ಚಿತ್ರದಲ್ಲಿ ಉಳಿಯುತ್ತಿದ್ದುದು ಧೂಳು ಮಾತ್ರ.

ಮೈದಾನಕ್ಕೆ ಕ್ಯಾಮೆರಾ ಆರಿಸುವವರು ಕೇಳಬೇಕಾದ ಪ್ರಶ್ನೆಗಳು ಬೇರೆ. ಗುಂಡಿ ಒತ್ತಿದ ತಕ್ಷಣ ಚಿತ್ರ ಬೀಳುತ್ತದೆಯೇ? ಸೆಕೆಂಡಿನ ಐನೂರನೇ ಅಥವಾ ಸಾವಿರನೇ ಒಂದು ಭಾಗದಷ್ಟು ಚುರುಕಾಗಿ ಶಟರ್ ತೆರೆದು ಮುಚ್ಚುತ್ತದೆಯೇ? ಇಲ್ಲದಿದ್ದರೆ ಓಡುವ ಕಾಲು ಮಸುಕಾಗುತ್ತದೆ. ಜೂಮ್ ಲೆನ್ಸಿನಿಂದಲೇ ಆಗುತ್ತದೆಯೇ? ‘ಡಿಜಿಟಲ್ ಜೂಮ್’ ಎಂಬುದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ. ಎಲ್ಲಕ್ಕಿಂತ ಮುಖ್ಯ, ಬೆಳಕು. ನಮ್ಮ ಕಬಡ್ಡಿ ನಡೆಯುವುದು ಹೆಚ್ಚಾಗಿ ಸಂಜೆ ಮತ್ತು ರಾತ್ರಿ, ಬಾಡಿಗೆಗೆ ತಂದ ದೀಪಗಳ ಕೆಳಗೆ. ಅಲ್ಲಿ ದೊಡ್ಡ ಸೆನ್ಸರ್, ಹೆಚ್ಚು ಬೆಳಕನ್ನು ಒಳಬಿಡುವ ಲೆನ್ಸು ಇರುವ ಹಳೆಯ ಕ್ಯಾಮೆರಾ ಕೂಡ ಹೆಚ್ಚು ಮೆಗಾಪಿಕ್ಸೆಲ್ಲಿನ ಪುಟ್ಟ ಕ್ಯಾಮೆರಾವನ್ನು ಮೀರಿಸುತ್ತದೆ. ಕ್ಯಾಮೆರಾದ ದೇಹಕ್ಕಿಂತ ಲೆನ್ಸಿಗೆ ಹಣ ಹಾಕಬೇಕೆಂಬ ಹಳೆಯ ಛಾಯಾಗ್ರಾಹಕರ ಮಾತು ಇಂದಿಗೂ ಸುಳ್ಳಾಗಿಲ್ಲ.

2010ರಲ್ಲಿ ಜಗತ್ತಿನಲ್ಲಿ 12 ಕೋಟಿಗೂ ಮಿಕ್ಕಿ ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೋದವು. 2023ರ ಹೊತ್ತಿಗೆ ಆ ಸಂಖ್ಯೆ 80 ಲಕ್ಷಕ್ಕಿಂತ ಕೆಳಗಿಳಿಯಿತು. ಮೊಬೈಲ್ ಅವನ್ನು ನುಂಗಿತು. ಹತ್ತಿರದ ಮುಖಕ್ಕೆ, ಹಗಲಿನ ಆಟಕ್ಕೆ ಮೊಬೈಲ್ ಸಾಕು. ದೂರದ ಮೈದಾನಕ್ಕೆ, ರಾತ್ರಿಯ ಆಟಕ್ಕೆ ಇವತ್ತಿಗೂ ಒಳ್ಳೆಯ ಲೆನ್ಸೇ ಬೇಕು. ಊರಿನ ಯುವಕ ಸಂಘವೊಂದು ನಾಲ್ಕಾರು ಜನ ಹಣ ಕೂಡಿಸಿ ಒಂದು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೊಂಡರೂ ಸಾಕು.

ಮನೆ ಬಾಗಿಲಿಗೆ ಬಂದ ಆಟ

2008ರ ಏಪ್ರಿಲ್ 18ರಂದು ಬೆಂಗಳೂರಿನಲ್ಲಿ ಐಪಿಎಲ್‌ನ ಮೊದಲ ಪಂದ್ಯ ನಡೆಯಿತು. ಬ್ರೆಂಡನ್ ಮೆಕಲಮ್ ಅಜೇಯ 158 ಹೊಡೆದರು. ಬೆಂಗಳೂರು ತಂಡ 82ಕ್ಕೆ ಆಲೌಟಾಯಿತು. ಮರು ತಿಂಗಳು ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ತೆರೆಯಿತು. ಅಂದಿನಿಂದ ಜಗತ್ತಿನ ಆಟಗಾರರೆಲ್ಲ ಇಳಿಯುವುದು ಇದೇ ನೆಲದಲ್ಲಿ. 2014ರಲ್ಲಿ ಪ್ರೊ ಕಬಡ್ಡಿ ಬಂತು. ಜಾತ್ರೆಯ ಆಟ ಬಣ್ಣದ ದೀಪಗಳಡಿ ಟಿ.ವಿ.ಗೆ ಏರಿತು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಆ ಕಪ್ ಗೆದ್ದಿತು. 2024ರ ಸೆಪ್ಟೆಂಬರಿನಲ್ಲಿ ಬಿಸಿಸಿಐ ತನ್ನ ‘ಸೆಂಟರ್ ಆಫ್ ಎಕ್ಸಲೆನ್ಸ್’ ಅನ್ನು ವಿಮಾನ ನಿಲ್ದಾಣದ ಆಸುಪಾಸಿನ 40 ಎಕರೆಯಲ್ಲಿ ಉದ್ಘಾಟಿಸಿತು. ಅಲ್ಲಿ ಮೂರು ಮೈದಾನಗಳಿವೆ. 2025ರ ದುಲೀಪ್ ಟ್ರೋಫಿ ಅಲ್ಲಿಯೇ ನಡೆಯಿತು.

ವೃತ್ತಿಪರ ಆಟ ಹೀಗೆ ಹೊಲದ ಪಕ್ಕಕ್ಕೇ ಬಂದು ಕೂತಿದೆ. ಆದರೆ ಪಕ್ಕದ ಹಳ್ಳಿಯ ಹುಡುಗ ಅದನ್ನು ಹಿಂಬಾಲಿಸುವುದು ಅಂಗೈಯಗಲದ ಪರದೆಯಲ್ಲಿ. ಆ ಪರದೆ ಅವನಿಗೆ ಕೊಹ್ಲಿಯ ಪ್ರತಿ ಹೊಡೆತವನ್ನು ಹತ್ತು ಕೋನಗಳಿಂದ ತೋರಿಸುತ್ತದೆ. ಅವನದೇ ಶಾಲೆಯ ಹುಡುಗಿಯರ ಖೋಖೋ ತಂಡ ಕಳೆದ ವರ್ಷ ಗೆದ್ದ ಪಂದ್ಯದ ಒಂದು ಚಿತ್ರವನ್ನೂ ತೋರಿಸುವುದಿಲ್ಲ. ಕ್ಯಾಮೆರಾ ಇಲ್ಲವೆಂದು ಇಂದು ಯಾರೂ ಹೇಳುವಂತಿಲ್ಲ. ಅದು ಎತ್ತ ತಿರುಗಿದೆ ಎಂಬುದು ಪ್ರಶ್ನೆ.

ಇನ್ನೊಂದು ನಷ್ಟ ಸದ್ದಿಲ್ಲದೆ ನಡೆಯುತ್ತಿದೆ. ಅರುವತ್ತು ವರ್ಷ ಹಳೆಯ ನೆಗೆಟಿವ್ ತಗಡಿನ ಡಬ್ಬಿಯಲ್ಲಿ ಉಳಿದಿದ್ದರೆ ಇಂದೂ ಅದರಿಂದ ಚಿತ್ರ ತೆಗೆಯಬಹುದು. 2003-2010ರ ಡಿಜಿಟಲ್ ಚಿತ್ರಗಳು ಎಲ್ಲಿವೆ? ಗೀರು ಬಿದ್ದ ಸಿಡಿಗಳಲ್ಲಿ, ಕೆಟ್ಟುಹೋದ ಕಂಪ್ಯೂಟರುಗಳಲ್ಲಿ, ಅಳಿಸಿ ಮತ್ತೆ ಬಳಸಿದ ಮೆಮೊರಿ ಕಾರ್ಡುಗಳಲ್ಲಿ. ಅತಿ ಹೆಚ್ಚು ಚಿತ್ರ ತೆಗೆದ ತಲೆಮಾರಿಗೆ ಕೊನೆಗೆ ಅತಿ ಕಡಿಮೆ ಚಿತ್ರ ಉಳಿಯುವ ಅಪಾಯವಿದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಪಂದ್ಯ ಮುಗಿದ ದಿನವೇ ಒಳ್ಳೆಯ ಹತ್ತು ಚಿತ್ರ ಆರಿಸಬೇಕು. ಯಾರು, ಯಾವ ಊರು, ಯಾವ ಪಂದ್ಯ, ಯಾವ ದಿನ ಎಂಬುದನ್ನು ಬರೆಯಬೇಕು. ಎರಡು ಬೇರೆ ಕಡೆ ಪ್ರತಿ ಇಡಬೇಕು. ಎರಡು ಮೂರನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ ಶಾಲೆಗೋ ಊರಿನ ಗ್ರಂಥಾಲಯಕ್ಕೋ ಕೊಡಬೇಕು. ಹೆಣ್ಣುಮಕ್ಕಳ ಚಿತ್ರವಾದರೆ ಅವರ ಮತ್ತು ಮನೆಯವರ ಒಪ್ಪಿಗೆ ಕೇಳುವ ಸೌಜನ್ಯವೂ ಬೇಕು. ಮನೆಯಲ್ಲಿ ಹಳೆಯ ಗ್ರೂಪ್ ಫೋಟೋ ಇದ್ದವರು, ಅದರಲ್ಲಿರುವವರ ಹೆಸರು ಹೇಳಬಲ್ಲ ಹಿರಿಯರು ಬದುಕಿರುವಾಗಲೇ ಹಿಂಬದಿಯಲ್ಲಿ ಬರೆದಿಡಬೇಕು.

ಅಹ್ಮದ್ ಖಾನ್ ಅವರ ಬರಿಗಾಲಿನ ಆಟವನ್ನು ನಾವು ಮರಳಿ ಪಡೆಯಲಾರೆವು. ಶಾಂತಾ ರಂಗಸ್ವಾಮಿಯವರ ತಂಡ ಅಂದು ಮೈದಾನಕ್ಕಿಳಿದ ನಡಿಗೆಯನ್ನೂ ಮರಳಿ ಪಡೆಯಲಾರೆವು. ಅವರ ಕಾಲದಲ್ಲಿ ಕ್ಯಾಮೆರಾ ದುಬಾರಿಯಾಗಿತ್ತು ಎಂಬ ಸಬೂಬಾದರೂ ಇತ್ತು. ಈ ಭಾನುವಾರ ಹೊಸಕೋಟೆಯ ಬಯಲಿನಲ್ಲಿ ಆಡುವ ಹುಡುಗ-ಹುಡುಗಿಯರ ವಿಷಯದಲ್ಲಿ ನಮಗೆ ಆ ಸಬೂಬೂ ಇಲ್ಲ.